ಬೆಳಿಗ್ಗೆ ಪೆಟ್ಟಿಗೆ ತೆರೆಯುವ ಮೊದಲು

ಅಂಕೋಲಾ

ತಂಗೀ,

ನಿನ್ನ ಕಾಗದ ಓದಿ ಮಡಚಿಟ್ಟರೂ "ಬೆಳಗಾದರೆ ಪೆಟ್ಟಿಗೆ ತೆಗೆಯೋಕೆ ಕೈಯೇ ಬರೂದಿಲ್ಲ" ಎಂಬ ಒಂದು ಸಾಲು ನನ್ನ ತಲೆಯಿಂದ ಇಳಿಯಲಿಲ್ಲ. 25 ಕೋಳಿಮರಿಗಳಲ್ಲಿ 6 ಒಂದೇ ರಾತ್ರಿ ಹೋದವು, ರೋಗವೇ ಇರಬೇಕು, ಇಲ್ಲವೇ ನನ್ನ ಕೈಗುಣ ಸರಿಯಿಲ್ಲ ಎಂದಿದ್ದೀ. ಸತ್ತವು ಮೂಲೆಯಲ್ಲಿ, ರಾಶಿಯ ಅಡಿಯಲ್ಲಿ, ಚಪ್ಪಟೆಯಾಗಿ ಬಿದ್ದಿದ್ದವು ಅಂತಲೂ ನೀನೇ ಬರೆದಿದ್ದೀಯಲ್ಲ! ಅದು ರೋಗದ ಸಾವಲ್ಲ ಮಗಾ. ಮಳೆಗೆ ಕರೆಂಟು ಹೋಗಿದೆ, ಬಲ್ಬು ಆರಿದೆ, ಚಳಿಗೆ ಒಂದರ ಮೇಲೊಂದು ಏರಿವೆ, ಅಡಿಯವಕ್ಕೆ ಉಸಿರು ಕಟ್ಟಿದೆ.

ಐದಾರು ದಿನದ ಮರಿಗೆ ತನ್ನ ಮೈಕಾವು ಕಾಯ್ದುಕೊಳ್ಳಲು ಬರುವುದಿಲ್ಲ. ಹೇಂಟೆಯ ರೆಕ್ಕೆಯಡಿ ಸಿಗುವ ಬಿಸಿಯನ್ನು ನಾವು ಕೊಡಬೇಕು. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಬಂದರಾಯಿತು. ಮರಿಗೆ 2 ವ್ಯಾಟ್ ಎಂಬುದು ಲೆಕ್ಕ. ಉಳಿದ 19ಕ್ಕೆ 25 ವ್ಯಾಟಿನ ಎರಡು ಬಲ್ಬು ಕಟ್ಟು, ಒಂದು ಸುಟ್ಟರೂ ಇನ್ನೊಂದು ಉರಿಯುತ್ತಿರುತ್ತದೆ. ಹಳೆಯ ತಂತಿಯ ಬಲ್ಬೇ ಬೇಕು. ಎಲ್‌ಇಡಿ ಬೆಳಕು ಕೊಡುತ್ತದೆ, ಮರಿಗೆ ಬೇಕಾದ ಕಾವು ಕೊಡುವುದಿಲ್ಲ. ಥರ್ಮಾಮೀಟರ್ ಇಲ್ಲದಿದ್ದರೂ ಪರವಾಗಿಲ್ಲ, ಮರಿಗಳನ್ನೇ ನೋಡು. ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ. ದೂರ ಸರಿದು ಕೊಕ್ಕು ತೆರೆದು ಏದುಸಿರು ಬಿಟ್ಟರೆ ಸೆಕೆ. ಎಲ್ಲವೂ ಒಂದೇ ಬದಿಗೆ ಒತ್ತಿಕೊಂಡರೆ ಎಲ್ಲಿಂದಲೋ ಗಾಳಿ ಬಡಿಯುತ್ತಿದೆ. ಬಲ್ಬನ್ನು ಆ ಪ್ರಕಾರ ಏರಿಸು, ಇಳಿಸು.

ನಿನ್ನ ಮರಿಗಳನ್ನು ಕೊಂದದ್ದು ಆ ಪೆಟ್ಟಿಗೆಯ ಮೂಲೆ. ಚೌಕದ ಪೆಟ್ಟಿಗೆ ಬೇಡ, ದುಂಡಗೆ ಮಾಡು. ಒಂದೂವರೆ ಅಡಿ ಎತ್ತರದ ತಟ್ಟಿಯೋ ರಟ್ಟೋ ಬಗ್ಗಿಸಿ ಕಟ್ಟಿದರೆ ನುಗ್ಗಿಕೊಳ್ಳಲು ಮೂಲೆ ಇರುವುದಿಲ್ಲ. ಕರೆಂಟು ಹೋದ ರಾತ್ರಿಗೆ ಎರಡು ಬಾಟಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ನಡುವೆ ಇಡು, ಆರಿದ ಹಾಗೆ ನೀರು ಬದಲಿಸು. ನಿದ್ದೆಗೆಡಬೇಕಲ್ಲ ಎಂದು ಹೇಳಲು ನನಗೂ ಸಂಕೋಚ. ಮುಚ್ಚಿದ ಕೋಣೆಯಲ್ಲಿ ಕೆಂಡದ ಮಡಕೆ ಮಾತ್ರ ಇಡಬೇಡ, ಅದರ ವಿಷಗಾಳಿ ಮರಿಗೂ ನಿನಗೂ ಅಪಾಯ.

ಗೋಣಿ ಹೊದೆಸಿ ಪೆಟ್ಟಿಗೆಯ ಬಾಯಿ ಬಿಗಿದರೆ ಬೆಚ್ಚಗಿರುತ್ತವೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಈಗ ನೆನೆದರೆ ಕರುಳು ಹಿಂಡುತ್ತದೆ. ಉಸಿರಿನ ತೇವ, ಹಿಕ್ಕೆಯ ಘಾಟು ಒಳಗೇ ನಿಂತು ಅಡಿಗೆ ಹಾಸಿದ ಹೊಟ್ಟು ಒದ್ದೆಯಾಗುತ್ತದೆ, ಒದ್ದೆ ಮೈಗೆ ಚಳಿ ಇನ್ನೂ ಜಾಸ್ತಿ. ಗಾಳಿ ಮೈಗೆ ಬಡಿಯಬಾರದು, ಮೇಲಿಂದ ಆಡಬೇಕು. ಬಗ್ಗಿದಾಗ ನಿನ್ನ ಮೂಗಿಗೆ ಘಾಟು ಹತ್ತಿದರೆ ಹೊಟ್ಟು ಬದಲಿಸುವ ಹೊತ್ತಾಯಿತು. ಎರಡು ಇಂಚು ದಪ್ಪ, ಒಣ ಹೊಟ್ಟು.

ರೋಗದ ಭಯ ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಹಾಸು ಒದ್ದೆಯಾದರೆ ಮೂರನೇ ವಾರದ ಹೊತ್ತಿಗೆ ರಕ್ತಭೇದಿ ಬರಬಹುದು. ಹಿಕ್ಕೆಯಲ್ಲಿ ರಕ್ತ ಕಂಡರೆ ಆ ದಿನವೇ ಪಶು ಆಸ್ಪತ್ರೆಗೆ ಹೋಗಿ ನೀರಿಗೆ ಹಾಕುವ ಆಂಪ್ರೋಲಿಯಂ ಎಂಬ ಔಷಧಿ ಕೇಳು. ನಿನ್ನ ಆ ರಾತ್ರಿಗೂ ಇದಕ್ಕೂ ಸಂಬಂಧವಿಲ್ಲ, ಅಷ್ಟು ಎಳೆಯ ಮರಿಗೆ ಅದು ಬರುವ ಹೊತ್ತಲ್ಲ.

ನುಚ್ಚಿಗೆ ಒಣಮೀನಿನ ಪುಡಿ ಬೆರೆಸುತ್ತಿದ್ದೇನೆ ಎಂದಿದ್ದೀ. ಉಪ್ಪು ಹಾಕಿ ಒಣಗಿಸಿದ್ದಾದರೆ ಇವತ್ತೇ ನಿಲ್ಲಿಸು. ಮರಿಗೆ ಹೆಚ್ಚು ಉಪ್ಪು ವಿಷವೇ. ಬಾಯಾರಿ ನೀರು ಕುಡಿದೂ ಕುಡಿದೂ, ನೀರಾಗಿ ಹಿಕ್ಕೆ ಹಾಕಿ, ಕಾಲು ಸೋತು ಬೀಳುತ್ತವೆ. ಬರೀ ನುಚ್ಚೂ ಸಾಲದು. ಮರಿಗೆಂದೇ ಸಿಗುವ ಸ್ಟಾರ್ಟರ್ ಆಹಾರ ತಾ, ಜೊತೆಗೆ ಗೆದ್ದಲು ಸಿಕ್ಕರೆ ಹಾಕು.

ಏಳನೇ ದಿನ ಕೊಕ್ಕರೆ ರೋಗದ (ರಾಣಿಖೇತ್ ಅನ್ನುತ್ತಾರಲ್ಲ, ಅದೇ) ಲಸಿಕೆ, ಕಣ್ಣಿಗೆ ಒಂದು ಹನಿ. ಸೀಸೆ ನೂರು ಮರಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಐಸಿನಲ್ಲಿಟ್ಟರೂ ಎರಡು ತಾಸಿನೊಳಗೆ ಮುಗಿಸಬೇಕು. ನೆರೆಮನೆಯವರನ್ನೂ ಸೇರಿಸಿಕೋ.

ಮತ್ತೆ ಅದೇ ಮಾತಿಗೆ ಬಂದೆ. ಪೆಟ್ಟಿಗೆ ತೆಗೆಯುವ ಮೊದಲು ಕಿವಿಗೊಡು. ಸಣ್ಣಗೆ, ಬಿಟ್ಟು ಬಿಟ್ಟು ಚಿಂವ್ ಚಿಂವ್ ಅಂದರೆ ಸೌಖ್ಯ. ಎಡೆಬಿಡದೆ ಗಟ್ಟಿಯಾಗಿ ಕೂಗಿದರೆ ಚಳಿಯೋ ಹಸಿವೋ, ತಡಮಾಡದೆ ತೆಗೆ. ನಮ್ಮ ಅಟ್ಟದ ಮೇಲೆ ಹಳೆಯ ಬಿದಿರ ತಟ್ಟಿ ಇದೆ, ದುಂಡಗೆ ಬಗ್ಗುತ್ತದೆ. ನಾಳೆ ಬೆಳಗಿನ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.

ನಿನ್ನ ದೊಡ್ಡಾಯಿ