ಬೌದ್ಧ ಚಾಪ್ಲೆನ್ ಆಗಲು ಪದವಿಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಬೌದ್ಧ ಅಧ್ಯಯನ ಮಾಡಿದವರು, ಧ್ಯಾನದ ಅಭ್ಯಾಸ ಇರುವವರು ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದು ಆಸ್ಪತ್ರೆ, ಹಾಸ್ಪಿಸ್ (ಕೊನೆಗಾಲದ ರೋಗಿಗಳ ಆರೈಕೆ ಕೇಂದ್ರ), ಜೈಲು, ಸೇನೆಗಳಲ್ಲಿ ಚಾಪ್ಲೆನ್ (ಅಲ್ಲಿರುವವರಿಗೆ ಆಧ್ಯಾತ್ಮಿಕ ಆಸರೆಯಾಗುವವರು) ಆಗಬಹುದು ಎಂಬ ಸಲಹೆ ಈಗೀಗ ವೃತ್ತಿ ಮಾರ್ಗದರ್ಶನದ ಬರಹಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಸಲಹೆ ಸರಿಯಾದದ್ದೇ. ಆದರೆ ಕಾಲೇಜಿನ ಹೆಸರು, ಪದವಿಯ ಹೆಸರು ಹೇಳಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಸಾಲ ಮಾಡಿ ಓದಿ, ಪದವಿ ಕೈಗೆ ಬಂದ ಮೇಲೆ ‘ಸಿಪಿಇ ಎಷ್ಟು ಯೂನಿಟ್ ಆಗಿದೆ, ಎಂಡೋರ್ಸ್‌ಮೆಂಟ್ ಯಾರದು’ ಎಂಬ ಪ್ರಶ್ನೆ ಮೊದಲ ಸಲ ಕಿವಿಗೆ ಬಿದ್ದು ತಬ್ಬಿಬ್ಬಾಗುವವರು ಇದ್ದಾರೆ. ಅಂಥವರ ಅನುಕೂಲಕ್ಕೆ ಈ ಪತ್ರ.

ಮೊದಲು ಪದವಿ. ಈ ವೃತ್ತಿಯ ರೂಢಿಯ ಪದವಿ ಎಂ.ಡಿವ್., ಅಂದರೆ ಮಾಸ್ಟರ್ ಆಫ್ ಡಿವಿನಿಟಿ. ಸಾಮಾನ್ಯವಾಗಿ ಮೂರು ವರ್ಷದ ಓದು, 72 ಸೆಮಿಸ್ಟರ್ ಕ್ರೆಡಿಟ್‌ಗಳ ಆಸುಪಾಸು. ಈ 72ರ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು. ಚಾಪ್ಲೆನ್‌ಗಳ ವೃತ್ತಿ ಮಂಡಳಿ ಕೊಡುವ ಪೂರ್ಣ ಮಾನ್ಯತೆಗೂ ಸೇನೆಯ ನೇಮಕಕ್ಕೂ ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ ಅದೇ. ಎರಡು ವರ್ಷದ ಎಂ.ಎ. ಮಾಡಿದವರಿಗೆ ಕ್ರೆಡಿಟ್ ಕಡಿಮೆ ಬಿದ್ದು, ಆಮೇಲೆ ಬಿಡಿಬಿಡಿ ಕೋರ್ಸ್‌ಗಳನ್ನು ತೆಗೆದುಕೊಂಡು ತುಂಬಿಸಬೇಕಾಗುತ್ತದೆ. ಕೊಲರಾಡೊದ ಬೌಲ್ಡರ್‌ನಲ್ಲಿ 1974ರಲ್ಲಿ ಆರಂಭವಾದ ನರೋಪ, ಬರ್ಕ್ಲಿಯ ಇನ್‌ಸ್ಟಿಟ್ಯೂಟ್ ಆಫ್ ಬುದ್ಧಿಸ್ಟ್ ಸ್ಟಡೀಸ್, ಹಾರ್ವರ್ಡ್ ಡಿವಿನಿಟಿ ಸ್ಕೂಲ್ ಈ ಕ್ಷೇತ್ರದಲ್ಲಿ ಕೇಳಿಬರುವ ಹೆಸರುಗಳು. ಸಾಂತಾಫೆಯ ಉಪಾಯ ಝೆನ್ ಕೇಂದ್ರದ ಎರಡು ವರ್ಷದ ಚಾಪ್ಲೆನ್ಸಿ ತರಬೇತಿಗೂ ಒಳ್ಳೆಯ ಹೆಸರಿದೆ, ಆದರೆ ಅದು ಪದವಿ ಕೊಡುವುದಿಲ್ಲ. ಶಾಲೆ ಯಾವುದೇ ಇರಲಿ, ಅದಕ್ಕೆ ಮಾನ್ಯತೆ ಇದೆಯೇ ಎಂದು ಮೊದಲು ನೋಡಬೇಕು. ಮಾನ್ಯತೆ ಇಲ್ಲದ ಕಡೆ ಗಳಿಸಿದ ಕ್ರೆಡಿಟ್ ಮುಂದೆ ಲೆಕ್ಕಕ್ಕೆ ಬರದು.

ಎರಡನೆಯದು ಸಿಪಿಇ, ಕ್ಲಿನಿಕಲ್ ಪಾಸ್ಟೊರಲ್ ಎಜುಕೇಷನ್. ಹೆಸರಿನಲ್ಲಿ ಕ್ರೈಸ್ತ ವಾಸನೆ ಇದ್ದರೂ ಬೌದ್ಧರಿಗೂ ಇದೇ ದಾರಿ. 1925ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಆಂಟನ್ ಬಾಯ್ಸನ್ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆತಂದದ್ದು ಇದರ ಮೂಲ. ಸ್ವತಃ ಮಾನಸಿಕ ಆಸ್ಪತ್ರೆಯ ರೋಗಿಯಾಗಿದ್ದ ಬಾಯ್ಸನ್, ಪುಸ್ತಕದಷ್ಟೇ ಗಮನವಿಟ್ಟು ಮನುಷ್ಯರನ್ನೂ ಓದಬೇಕು ಎಂದು ಹಟ ಹಿಡಿದವರು. ಒಂದು ಯೂನಿಟ್ ಎಂದರೆ ಕನಿಷ್ಠ 400 ಗಂಟೆ. ಅದರಲ್ಲಿ ಸುಮಾರು 300 ಗಂಟೆ ರೋಗಿಗಳ ಬಳಿ, 100 ಗಂಟೆ ಗುಂಪಿನಲ್ಲಿ ಮತ್ತು ಮಾರ್ಗದರ್ಶಕರ ಎದುರು. ಪೂರ್ಣ ಮಾನ್ಯತೆಗೆ ನಾಲ್ಕು ಯೂನಿಟ್, ಅಂದರೆ 1600 ಗಂಟೆ ಬೇಕು. ಬಹುಪಾಲು ಎಂ.ಡಿವ್.ಗಳಲ್ಲಿ ಒಂದೇ ಯೂನಿಟ್ ಸೇರಿರುತ್ತದೆ. ಉಳಿದ ಮೂರನ್ನು ಪದವಿಯ ನಂತರ ಆಸ್ಪತ್ರೆಯೊಂದರಲ್ಲಿ ಒಂದು ವರ್ಷದ ರೆಸಿಡೆನ್ಸಿ (ಅಲ್ಲೇ ಕೆಲಸ ಮಾಡುತ್ತ ಪಡೆಯುವ ತರಬೇತಿ) ಸೇರಿ ಮುಗಿಸುವುದು ವಾಡಿಕೆ. ರೆಸಿಡೆನ್ಸಿಗೆ ಸ್ಟೈಪೆಂಡ್ ಇರುತ್ತದೆ. ಮೊದಲ ಯೂನಿಟ್‌ಗೆ ಸಾಮಾನ್ಯವಾಗಿ ನಾವೇ ಶುಲ್ಕ ಕಟ್ಟಬೇಕು.

ನಿಜವಾದ ಕಲಿಕೆ ನಡೆಯುವುದು ‘ವರ್ಬೇಟಿಮ್’ನಲ್ಲಿ. ರೋಗಿಯ ಕೋಣೆಯಿಂದ ಹೊರಬಂದ ವಿದ್ಯಾರ್ಥಿ ಅಲ್ಲಿ ನಡೆದ ಮಾತುಕತೆಯನ್ನು ನೆನಪಿನಿಂದಲೇ ಸಾಲುಸಾಲಾಗಿ ಬರೆಯುತ್ತಾನೆ. ರೋಗಿಯ ಮಾತಿಗೆ ಪಿ1, ಪಿ2, ತನ್ನ ಮಾತಿಗೆ ಸಿ1, ಸಿ2. ಮೌನವನ್ನೂ ಬರೆಯಬೇಕು, ಕಣ್ಣು ಕಿಟಕಿಯತ್ತ ಹೋದದ್ದನ್ನೂ ಬರೆಯಬೇಕು. ಪಕ್ಕದಲ್ಲಿ, ಆ ಹೊತ್ತಿಗೆ ತನಗೆ ಏನನಿಸಿತು ಎಂಬುದು. ಹೆಸರು, ಗುರುತು ತೆಗೆದ ಈ ಬರಹವನ್ನು ಐದಾರು ಸಹಪಾಠಿಗಳು ಮತ್ತು ಮಾರ್ಗದರ್ಶಕರು ಸಾಲು ಸಾಲಾಗಿ ಬಿಡಿಸುತ್ತಾರೆ. ಬೆವರಿಳಿಯುವುದು ಇಲ್ಲೇ.

ಬೌದ್ಧ ಹಿನ್ನೆಲೆಯ ವಿದ್ಯಾರ್ಥಿಗಳು ಎಡವುವ ಒಂದು ಮಾದರಿಯನ್ನು ನೋಡಿ. ಕ್ಯಾನ್ಸರ್ ರೋಗಿ, ‘ಹೋದ ಜನ್ಮದಲ್ಲಿ ಏನು ಪಾಪ ಮಾಡಿದ್ದೆನೋ’ ಎನ್ನುತ್ತಾರೆ. ಓದಿಕೊಂಡ ವಿದ್ಯಾರ್ಥಿಗೆ ಉತ್ತರ ನಾಲಿಗೆ ತುದಿಯಲ್ಲೇ ಇದೆ. ಎಲ್ಲ ನೋವಿಗೂ ಕರ್ಮವೇ ಕಾರಣವಲ್ಲ, ಪಾಲಿ ಗ್ರಂಥ ಸಂಯುತ್ತ ನಿಕಾಯದ ಸೀವಕ ಸುತ್ತದಲ್ಲಿ (ಸುತ್ತ ಎಂದರೆ ಉಪದೇಶ) ಬುದ್ಧ ಪಿತ್ತ, ಕಫ, ವಾತ, ಇವು ಮೂರೂ ಕೂಡಿದ್ದು, ಋತು ಬದಲಾವಣೆ ಹೀಗೆ ಎಂಟು ಕಾರಣ ಹೇಳಿ, ಕರ್ಮವನ್ನು ಅವುಗಳಲ್ಲಿ ಒಂದಾಗಿ ಮಾತ್ರ ಇಟ್ಟಿದ್ದಾನೆ ಎಂದು ವಿವರಿಸುತ್ತಾನೆ. ಹೇಳಿದ್ದರಲ್ಲಿ ತಪ್ಪಿಲ್ಲ. ರೋಗಿ ‘ಹೌದಾ’ ಎಂದು ಸುಮ್ಮನಾಗುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ವರ್ಬೇಟಿಮ್ ಓದಿದ ಮಾರ್ಗದರ್ಶಕರು ಸುತ್ತದ ತಂಟೆಗೆ ಹೋಗದೆ, ‘ಸಿ3ರಲ್ಲಿ ನಿಮಗೆ ಅಷ್ಟು ಅವಸರ ಯಾಕಾಯಿತು’ ಎಂದು ಕೇಳುತ್ತಾರೆ. ಪಾಪ ಎಂಬ ಮಾತಿನ ಹಿಂದೆ ಯಾವುದೋ ಒಂದು ನಿರ್ದಿಷ್ಟ ಘಟನೆ, ಯಾರ ಜತೆಗೋ ಮಾತು ಬಿಟ್ಟ ಕತೆ ಇದ್ದಿರಬಹುದು. ಅದು ಹೊರಬರುವ ಬಾಗಿಲನ್ನು ಸರಿಯುತ್ತರವೇ ಮುಚ್ಚಿತು. ಇನ್ನೊಂದು ಪಾಲಿ ಗ್ರಂಥ ಅಂಗುತ್ತರ ನಿಕಾಯದಲ್ಲಿ ರೋಗಿಯನ್ನು ನೋಡಿಕೊಳ್ಳುವವನಿಗೆ ಇರಬೇಕಾದ ಐದು ಗುಣಗಳ ಪಟ್ಟಿ ಇದೆ. ಔಷಧ ಸಿದ್ಧಪಡಿಸಲು ಬರಬೇಕು, ಹಿತ ಅಹಿತ ತಿಳಿದಿರಬೇಕು, ಲಾಭಕ್ಕಾಗಿ ಅಲ್ಲದೆ ಮೈತ್ರಿಯಿಂದ ಮಾಡಬೇಕು, ಮಲಮೂತ್ರ, ವಾಂತಿ ತೆಗೆಯಲು ಹೇಸಬಾರದು. ಧಮ್ಮದ ಮಾತು ಬರುವುದು ಐದನೆಯದಾಗಿ, ಅದೂ ತಕ್ಕ ಸಮಯದಲ್ಲಿ. ನಮ್ಮ ವಿದ್ಯಾರ್ಥಿಗಳು ಐದನೆಯದರಿಂದ ಶುರು ಮಾಡುತ್ತಾರೆ.

ಧ್ಯಾನದ ವಿಷಯದಲ್ಲೂ ಹೀಗೆಯೇ. ಉಸಿರಾಟದ ತೊಂದರೆ ಇರುವ ರೋಗಿಗೆ ‘ಉಸಿರನ್ನು ಗಮನಿಸಿ’ ಎಂದರೆ ಗಾಬರಿ ಹೆಚ್ಚಬಹುದು. ಹಿಂಸೆಗೆ ಒಳಗಾದವರಿಗೆ ಕಣ್ಣು ಮುಚ್ಚಿ ದೇಹವನ್ನು ಗಮನಿಸುವುದೇ ಹಳೆಯ ಭಯವನ್ನು ಎಬ್ಬಿಸಬಹುದು. ಅಂಥ ಕಡೆ ಕಣ್ಣು ತೆರೆದೇ ಇಟ್ಟು, ಪಾದ ಹಾಸಿಗೆಗೆ ತಾಗುವುದನ್ನೋ ಹೊರಗಿನ ಸದ್ದನ್ನೋ ಆಸರೆಯಾಗಿ ಕೊಡುವುದು ಕ್ಷೇಮ. ಇನ್ನು ಚಾಪ್ಲೆನ್ ಕಾಣುವ ರೋಗಿಗಳಲ್ಲಿ ಬಹುಪಾಲು ಬೌದ್ಧರೇ ಆಗಿರುವುದಿಲ್ಲ. ‘ನನಗಾಗಿ ಪ್ರಾರ್ಥಿಸಿ’ ಎಂದು ಕ್ರೈಸ್ತ ರೋಗಿ ಕೈ ಹಿಡಿದಾಗ ದೇವರನ್ನು ನಂಬದ ಬೌದ್ಧ ಏನು ಮಾಡಬೇಕು? ಕೆಲವರು ರೋಗಿಯ ಮಾತನ್ನೇ ಎತ್ತಿಕೊಂಡು ಅವರ ದೇವರನ್ನು ಉದ್ದೇಶಿಸಿ ಹೇಳುತ್ತಾರೆ. ಕೆಲವರು ‘ನೀವು ಪ್ರಾರ್ಥಿಸಿ, ನಾನು ಜತೆಗಿರುತ್ತೇನೆ’ ಎನ್ನುತ್ತಾರೆ. ಎರಡೂ ನಡೆಯುತ್ತದೆ, ಆ ಕ್ಷಣದಲ್ಲಿ ತಡವರಿಸುವುದು ನಡೆಯುವುದಿಲ್ಲ. ಕ್ಯಾಥೊಲಿಕರ ರೋಗಿಲೇಪನಕ್ಕೆ (ರೋಗಿಗೆ ಪವಿತ್ರ ತೈಲ ಹಚ್ಚುವ ವಿಧಿಗೆ) ಪಾದ್ರಿಯೇ ಬೇಕು, ಸಾಯುತ್ತಿರುವ ಶಿಶುವಿಗೆ ತುರ್ತು ದೀಕ್ಷಾಸ್ನಾನವನ್ನು ಯಾರು ಬೇಕಾದರೂ ಕೊಡಬಹುದು. ಇಂಥ ವ್ಯತ್ಯಾಸವನ್ನು ರಾತ್ರಿ ಪಾಳಿಗೆ ಮೊದಲೇ ತಿಳಿದಿರಬೇಕು.

ಬೌದ್ಧ ರೋಗಿ ಸಿಕ್ಕಾಗ ಬೇರೆ ಬಗೆಯ ಕೆಲಸ. ಸುಖಾವತಿ ಪಂಥದ ಚೀನೀ ಕುಟುಂಬಗಳಲ್ಲಿ ಎಷ್ಟೋ ಮಂದಿ ಸಾವಿನ ನಂತರ 8 ಗಂಟೆ ಶವವನ್ನು ಮುಟ್ಟಬಾರದು ಎನ್ನುತ್ತಾರೆ. ಆಸ್ಪತ್ರೆಗೆ ಹಾಸಿಗೆ ಬೇಗ ಖಾಲಿಯಾಗಬೇಕು. ಉಸಿರು ನಿಂತ ಮೇಲೆ ವಾದಕ್ಕೆ ನಿಂತರೆ ಆಗುವ ಕೆಲಸವಲ್ಲ ಇದು. ಎರಡು ಮೂರು ದಿನ ಮುಂಚೆಯೇ ಮನೆಯವರನ್ನು ಕೇಳಿ, ಚಾರ್ಟ್‌ನಲ್ಲಿ ಬರೆದು, ಪಾಳಿಯ ಮುಖ್ಯ ನರ್ಸ್ ಜತೆ ಕೋಣೆಯ ವಿಷಯ ಮಾತಾಡಿಟ್ಟರೆ ಪೂರ್ತಿ 8 ಗಂಟೆ ಅಲ್ಲದಿದ್ದರೂ ಒಂದಷ್ಟು ಹೊತ್ತು ಸಿಗುತ್ತದೆ. ಕೊನೆಗಾಲದಲ್ಲಿ ಮನಸ್ಸು ತಿಳಿಯಾಗಿರಲಿ ಎಂದು ಮಾರ್ಫಿನ್ ಬೇಡ ಎನ್ನುವವರೂ ಉಂಟು. ಪ್ರಮಾಣ ಹೆಚ್ಚುಕಡಿಮೆ ಮಾಡುವುದು ಉಪಶಾಮಕ ಚಿಕಿತ್ಸೆಯ ವೈದ್ಯರ ಕೆಲಸ. ರೋಗಿಯ ಬಯಕೆಯನ್ನು ಸರಿಯಾಗಿ ಅವರ ಕಿವಿಗೆ ಮುಟ್ಟಿಸುವುದು ಚಾಪ್ಲೆನ್ ಕೆಲಸ.

ಮೂರನೆಯದೇ ಎಂಡೋರ್ಸ್‌ಮೆಂಟ್. ‘ಇವರು ನಮ್ಮ ಪರಂಪರೆಯವರು, ಈ ಕೆಲಸಕ್ಕೆ ಯೋಗ್ಯರು’ ಎಂದು ಧಾರ್ಮಿಕ ಸಂಸ್ಥೆಯೊಂದು ಕೊಡುವ ಪತ್ರ. ಚರ್ಚುಗಳಿಗೆ ಇದಕ್ಕೆಂದೇ ಕಚೇರಿಗಳಿವೆ. ಅಮೆರಿಕದ ಬೌದ್ಧರು ಚದುರಿದ ಸಣ್ಣ ಸಣ್ಣ ಕೇಂದ್ರಗಳವರು, ಪುಸ್ತಕ ಓದಿ ಒಂಟಿಯಾಗಿ ಧ್ಯಾನಕ್ಕೆ ಕೂರುವವರಿಗಂತೂ ಪತ್ರ ಕೊಡಲು ಯಾರೂ ಇರುವುದಿಲ್ಲ. ಒಬ್ಬ ಗುರುವಿನ ಬಳಿ ಹಲವು ವರ್ಷಗಳ ಅಭ್ಯಾಸ, ತ್ರಿಶರಣ ಮತ್ತು ಶೀಲಗಳ ಸ್ವೀಕಾರ, ಶಿಬಿರಗಳ ದಾಖಲೆ, ಕೆಲವೆಡೆ ದೀಕ್ಷೆ ಕೇಳುತ್ತಾರೆ. ಇದನ್ನು ಕೊನೆಯ ಸೆಮಿಸ್ಟರಿನಲ್ಲಿ ಹೊಂದಿಸಲು ಆಗದು. ಸೇನೆಗಾದರೆ ರಕ್ಷಣಾ ಇಲಾಖೆಯ ಪಟ್ಟಿಯಲ್ಲಿರುವ ಸಂಸ್ಥೆಯೇ ಬೇಕು. 2004ರಲ್ಲಿ ನೌಕಾಪಡೆಗೆ ಮೊದಲ ಬೌದ್ಧ ಚಾಪ್ಲೆನ್ ಆಗಿ ಸೇರಿದ ಜೆನೆಟ್ ಶಿನ್ ಅವರಿಗೆ ಅನುಮೋದನೆ ಕೊಟ್ಟದ್ದು ಬುದ್ಧಿಸ್ಟ್ ಚರ್ಚಸ್ ಆಫ್ ಅಮೆರಿಕ ಎಂಬ ಬೌದ್ಧ ಸಂಸ್ಥೆ. ಸಂಸ್ಥೆ ಪತ್ರವನ್ನು ಹಿಂಪಡೆದರೆ ಸೇನೆಯಲ್ಲಿ ಚಾಪ್ಲೆನ್ ಹುದ್ದೆಯೂ ಹೋಗುತ್ತದೆ. ನಮ್ಮ ಮಟ್ಟಿಗೆ, ಕಾಲೇಜು ಹುಡುಕುವ ಮುಂಚೆಯೇ ಎಂಡೋರ್ಸ್‌ಮೆಂಟ್ ಕೊಡುವವರನ್ನು ಹುಡುಕಬೇಕು.

ಪೂರ್ಣ ಮಾನ್ಯತೆಗೆ ಇಷ್ಟಾದ ಮೇಲೆ 2000 ಗಂಟೆಗಳ ಕೆಲಸದ ಅನುಭವ, ಲಿಖಿತ ಪ್ರಬಂಧಗಳು, ಸಮಿತಿಯ ಎದುರು ಸಂದರ್ಶನ. ನಿಯಮಗಳು ಆಗಾಗ ಪರಿಷ್ಕರಣೆ ಆಗುವುದರಿಂದ ವೃತ್ತಿ ಸಂಘವಾದ ಅಸೋಸಿಯೇಷನ್ ಆಫ್ ಪ್ರೊಫೆಷನಲ್ ಚಾಪ್ಲೆನ್ಸ್‌ನ ಆಯಾ ವರ್ಷದ ಕೈಪಿಡಿಯನ್ನೇ ನೋಡಿಕೊಳ್ಳಬೇಕು.

ಇಲ್ಲಿಂದ ಹೋಗುವವರು ವೀಸಾದ ಲೆಕ್ಕವನ್ನೂ ಹಾಕಬೇಕು. ಸ್ಟೈಪೆಂಡ್ ಇರುವ ರೆಸಿಡೆನ್ಸಿ ಉದ್ಯೋಗವೆಂದೇ ಪರಿಗಣಿತ, ವಿದ್ಯಾರ್ಥಿ ವೀಸಾದವರಿಗೆ ಕೆಲಸದ ಪರವಾನಗಿ ಬೇಕು. ವೀಸಾ ಪ್ರಾಯೋಜಿಸದ ಆಸ್ಪತ್ರೆಗಳೂ ಇವೆ. ಮಾಜಿ ಸೈನಿಕರ ಆಸ್ಪತ್ರೆಗಳಂಥ ಫೆಡರಲ್ ಸರ್ಕಾರದ ಹುದ್ದೆಗಳಿಗೆ ಸಾಮಾನ್ಯವಾಗಿ ಅಲ್ಲಿನ ಪೌರತ್ವ ಕೇಳುತ್ತಾರೆ. ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಕಾಲೇಜಿಗೆ ಮೂರು ಪ್ರಶ್ನೆ ಕಳಿಸಿ: ಪದವಿಯೊಳಗೆ ಸಿಪಿಇ ಎಷ್ಟು ಯೂನಿಟ್, ನಿಮ್ಮ ಹಿಂದಿನ ಬೌದ್ಧ ವಿದ್ಯಾರ್ಥಿಗಳಿಗೆ ಎಂಡೋರ್ಸ್‌ಮೆಂಟ್ ಕೊಟ್ಟ ಸಂಸ್ಥೆಗಳು ಯಾವುವು, ವಿದೇಶಿ ವಿದ್ಯಾರ್ಥಿಗಳು ರೆಸಿಡೆನ್ಸಿ ಮಾಡಿದ್ದು ಯಾವ ಆಸ್ಪತ್ರೆಗಳಲ್ಲಿ. ಉತ್ತರವನ್ನು ಇ-ಮೇಲ್‌ನಲ್ಲೇ ಪಡೆಯಿರಿ. ಫೋನಿನಲ್ಲಿ ಹೇಳಿದ್ದು ಪ್ರವೇಶ ವಿಭಾಗದ ಸಿಬ್ಬಂದಿ ಬದಲಾದರೆ ನಿಲ್ಲುವುದಿಲ್ಲ.

ಇಂತಿ,
ಆಧ್ಯಾತ್ಮಿಕ ಆರೈಕೆ ಕ್ಷೇತ್ರದ ಕೆಲವು ಓದುಗರು