ರೋಬೋಟಿನ ಕಣ್ಣಿಗೆ ಕೆಂಪು ಬಳಿಯಬೇಡ

ಪ್ರೀತಿಯ ಪುಟ್ಟಿ,

ನಿನ್ನ ಚಿತ್ರದ ಫೋಟೋ ಬಂತು. ಫೋನಿನಲ್ಲಿ ಸರಿಯಾಗಿ ಕಾಣಲಿಲ್ಲ, ಟಿವಿಗೆ ಹಾಕಿಸಿಕೊಂಡು ನೋಡಿದೆ. ನಿನ್ನ ದೊಡ್ಡಮ್ಮ ಅಡುಗೆಮನೆಯಿಂದ ಇಣುಕಿ, "ಇದೇನು ಇಷ್ಟೊಂದು ಜನ ಸತ್ತು ಬಿದ್ದಿದ್ದಾರೆ" ಅಂದು ಒಳಗೆ ಹೋದಳು. "ಮುಲಾಜಿಲ್ಲದೆ ಹೇಳಿ ದೊಡ್ಡಪ್ಪ" ಅಂತ ಬರೆದಿದ್ದೀಯ. ಸರಿ, ಹಾಗೇ ಹೇಳುತ್ತೇನೆ.

ಕೈ ಪಳಗಿದೆ. ಆ ಮುರಿದ ಸೇತುವೆ, ಅದರ ಕೆಳಗಿನ ನೀರು, ಎರಡೂ ತುಂಬಾ ಚೆನ್ನಾಗಿ ಬಂದಿವೆ. ಆದರೆ ಚಿತ್ರ ನೋಡಿ ನನಗೆ ಹೆದರಿಕೆ ಆಗಲಿಲ್ಲ. ಆಕಾಶದೆತ್ತರದ ಕಬ್ಬಿಣದ ರೋಬೋಟು, ಕೆಂಪು ಕಣ್ಣು, ಕಾಲಡಿ ಸಿಕ್ಕಿ ಅಪ್ಪಚ್ಚಿಯಾದ ಜನ. ಇದನ್ನು ಸಿನಿಮಾ ಪೋಸ್ಟರಿನಲ್ಲಿ ಸಾಕಷ್ಟು ನೋಡಿಬಿಟ್ಟಿದ್ದೇವೆ. ಕಣ್ಣು ಕೆಂಪಗಿದ್ದರೆ ಖಳನಾಯಕ ಅಂತ ಮಕ್ಕಳಿಗೂ ಗೊತ್ತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮನುಷ್ಯ ತಾನೇ ಮಾಡಿದ ಯಂತ್ರ ತನಗೇ ಮುಳುವಾಗುತ್ತಿದೆ ಅನ್ನೋದು ನಿನ್ನ ವಿಷಯ, ಅಲ್ವಾ? ಆ "ತಾನೇ ಮಾಡಿದ" ಅನ್ನೋದು ಚಿತ್ರದಲ್ಲಿ ಎಲ್ಲಿದೆ? ನಿನ್ನ ರೋಬೋಟು ಬೇರೆ ಯಾವುದೋ ಗ್ರಹದಿಂದ ಬಂದು ಇಳಿದ ಹಾಗಿದೆ. ಓಡುತ್ತಿರುವ ಜನರಲ್ಲಿ ಒಬ್ಬನಿಗೂ ಅದರ ಜೊತೆ ಸಂಬಂಧವೇ ಇಲ್ಲ. ಎಲ್ಲರೂ ಪಾಪ, ಏನೂ ಅರಿಯದವರು.

ಲಂಡನ್ನಿನಲ್ಲಿ ಮಗನ ಮನೆಗೆ ಹೋಗಿದ್ದಾಗ ಟೇಟ್ ಮ್ಯೂಸಿಯಮ್ಮಿನಲ್ಲಿ ನಾನು ತುಂಬ ಹೊತ್ತು ನಿಂತು ನೋಡಿದ ಚಿತ್ರ ಒಂದಿದೆ. ಜರ್ಮನ್ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್ ಬರೆದ 'ಸೆಲೆಬಿಸ್'. ನಿಮ್ಮ ಕ್ಲಾಸಿನಲ್ಲಿ ಸ್ಲೈಡ್ ತೋರಿಸಿರಬಹುದು. ಸ್ಲೈಡಿನಲ್ಲಿ ನೋಡಿದರೆ ಸಾಲದು. ಹಾಗಂತ ಭಾರೀ ದೊಡ್ಡ ಚಿತ್ರವೂ ಅಲ್ಲ, ಎತ್ತರ ಸುಮಾರು 125 ಸೆಂಟಿಮೀಟರ್, ಅಗಲ 108. ನಿನ್ನ ಕ್ಯಾನ್ವಾಸಿಗಿಂತ ಚಿಕ್ಕದು. ಆದರೂ ಮುಂದೆ ನಿಂತರೆ ಒಂದು ಹೆಜ್ಜೆ ಹಿಂದೆ ಸರಿಯುವ ಹಾಗಾಗುತ್ತದೆ.

ಚಿತ್ರದ ತುಂಬ ಒಂದು ದಪ್ಪ, ಬೂದು ಬಣ್ಣದ ಗುಂಡು ದೇಹ. ಆನೆ ಅನ್ನಬಹುದು, ಬಾಯ್ಲರ್ ಅಂತಲೂ ಅನ್ನಬಹುದು. ಮೈಯಲ್ಲಿರುವ ಒಂದು ದುಂಡು ತೂತಿನಿಂದ ಹೋಸ್ ಪೈಪಿನಂಥ ಸೊಂಡಿಲು ಹೊರಟು, ಬಳುಕಿ, ಕೊನೆಗೆ ಕೊಂಬಿನ ತಲೆಯಾಗಿ ಮುಗಿಯುತ್ತದೆ. ಅದರ ಕುತ್ತಿಗೆಗೆ ಅಂಗಿಯ ಕಾಲರಿನಂಥದ್ದು ಬೇರೆ! ದಂತಗಳು ನೋಡಿದರೆ ಹಿಂಭಾಗದಲ್ಲಿವೆ. ಹಾಗಾಗಿ ಮುಂದೆ ಯಾವುದು, ಹಿಂದೆ ಯಾವುದು ಅಂತ ತಿಳಿಯುವುದಿಲ್ಲ. ನೆತ್ತಿಯ ಮೇಲೆ ಬಣ್ಣಬಣ್ಣದ ಲೋಹದ ತುಂಡುಗಳನ್ನು ಜೋಡಿಸಿದ್ದಾನೆ. ನೆಲ ಬಯಲು, ವಿಮಾನ ಇಳಿಯುವ ಮೈದಾನದ ಹಾಗೆ ಚಪ್ಪಟೆ. ಆಕಾಶದಲ್ಲಿ ಮೀನು ಈಜುತ್ತಿವೆ. ಒಂದು ಕಡೆ ಕಪ್ಪು ಹೊಗೆಯ ಗೆರೆ, ಯಾವುದೋ ವಿಮಾನ ಉರಿದು ಬೀಳುತ್ತಿರುವ ಹಾಗೆ.

ಈಗ ಬಲಗಡೆಯ ಕೆಳ ಮೂಲೆ ನೋಡು. ಅಲ್ಲಿ ಒಬ್ಬ ಹೆಂಗಸಿದ್ದಾಳೆ. ಬಟ್ಟೆ ಇಲ್ಲ, ತಲೆಯೂ ಇಲ್ಲ. ಅಂಗಡಿಯ ಗೊಂಬೆಯೋ ಮನುಷ್ಯಳೋ ಹೇಳಲಾಗುವುದಿಲ್ಲ. ಕೈಗವಸು ಹಾಕಿದ ಕೈಯನ್ನು ಮೇಲೆತ್ತಿದ್ದಾಳೆ. ಆ ಕೈ ಹೆದರಿ ಎತ್ತಿದ ಕೈಯಲ್ಲ ಪುಟ್ಟಿ. ಕಾಪಾಡಿ ಅಂತ ಕೂಗುವ ಕೈಯೂ ಅಲ್ಲ. ಬಾ, ಈ ಕಡೆ ಬಾ, ಅಂತ ಆ ಯಂತ್ರವನ್ನು ಕರೆಯುತ್ತಿರುವ ಹಾಗಿದೆ. ಬೇರೆ ಥರ ಅರ್ಥ ಮಾಡುವವರೂ ಇದ್ದಾರೆ, ಮಾಡಲಿ. ನನಗೆ ಕಂಡದ್ದು ಇಷ್ಟು. ಯಂತ್ರ ಯಾರನ್ನೂ ತುಳಿದಿಲ್ಲ, ಒಂದು ಹನಿ ರಕ್ತವೂ ಇಲ್ಲ. ಅದು ಹತ್ತಿರ ಬರುವ ಮೊದಲೇ ಇವಳ ತಲೆ ಹೋಗಿದೆ. ಹೋದಮೇಲೂ ಕೈ ಮಾತ್ರ ಕರೆಯುತ್ತಲೇ ಇದೆ.

ಇದನ್ನು ಬರೆದಾಗ ಅರ್ನ್ಸ್ಟನಿಗೆ 30 ವರ್ಷ. 1921, ಜರ್ಮನಿಯ ಕಲೋನ್ ಊರು. ಅದಕ್ಕೂ ಮೊದಲು ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದು ಬಂದವನು. ತಾನು 1914ರ ಆಗಸ್ಟ್ 1ರಂದು ಸತ್ತೆ, 1918ರ ನವೆಂಬರ್ 11ರಂದು ಮತ್ತೆ ಬದುಕಿದೆ ಅಂತ ತನ್ನ ಬಗ್ಗೆ ತಾನೇ ಬರೆದುಕೊಂಡಿದ್ದಾನೆ. ಆ ನಾಲ್ಕು ವರ್ಷದಲ್ಲಿ ಏನೇನು ಹೊಸದಾಗಿ ಬಂತು ನೋಡು. 1915ರ ಏಪ್ರಿಲಿನಲ್ಲಿ ಬೆಲ್ಜಿಯಮ್ಮಿನ ಈಪರ್ ಊರಿನ ಹತ್ತಿರ ಕ್ಲೋರಿನ್ ಅನಿಲ ಬಿಟ್ಟರು. ಆಮೇಲೆ ಸಿಪಾಯಿಗಳ ಮುಖಕ್ಕೆಲ್ಲ ಮಾಸ್ಕ್ ಬಂತು, ಕೊಳವೆ ಬಂತು. 1916ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಸೋಮ್ ಯುದ್ಧಭೂಮಿಗೆ ಮೊದಲ ಟ್ಯಾಂಕು ಇಳಿಯಿತು. ಆ ಆನೆಯಲ್ಲಿ ಟ್ಯಾಂಕು ಕಾಣುತ್ತದೆ, ಸೊಂಡಿಲಿನಲ್ಲಿ ಮಾಸ್ಕಿನ ಕೊಳವೆ ಕಾಣುತ್ತದೆ ಅಂತ ಹೇಳುವವರು ಸುಮ್ನೆ ಹೇಳುವುದಿಲ್ಲ. ಆದರೆ ಅವನು ಟ್ಯಾಂಕನ್ನು ಟ್ಯಾಂಕಿನ ಹಾಗೆ ಬರೆಯಲಿಲ್ಲ, ಅನ್ನುವುದೇ ಇಲ್ಲಿರುವ ಕಸುಬು.

ಮತ್ತೆ ಎಲ್ಲಿಂದ ತೆಗೆದ ಗೊತ್ತಾ ಆ ಆಕಾರವನ್ನು? ಆಫ್ರಿಕಾದ ಒಂದು ಕಡೆಯ ಜನ ಧಾನ್ಯ ತುಂಬಿಡುತ್ತಿದ್ದ ಮಣ್ಣಿನ ಕಣಜದ ಫೋಟೋ ಒಂದು ಪತ್ರಿಕೆಯಲ್ಲಿ ಬಂದಿತ್ತು. ಅದೇ. ನಮ್ಮ ಅಜ್ಜಿ ಮನೆಯಲ್ಲಿ ರಾಗಿ ತುಂಬಿಡುತ್ತಿದ್ದ ವಾಡೆಯಂಥದ್ದೇ ಒಂದು ವಸ್ತು ಅಂದುಕೋ. ಊರಿನ ಹೊಟ್ಟೆ ತುಂಬಿಸುವ ಮಣ್ಣಿನ ಪಾತ್ರೆಗೆ ಒಂದು ಪೈಪು, ಒಂದಿಷ್ಟು ತಗಡು, ಕೊಂಬು ಸೇರಿಸಿದ. ಲೋಹದ ಹೊಳಪು ಕೊಟ್ಟ. ಅಷ್ಟೇ. ಅನ್ನ ಕೊಡುವ ವಸ್ತು ಎದ್ದು ನಡೆಯತೊಡಗಿತು. ಹೆದರಿಕೆ ಅಲ್ಲಿಂದ ಬರುತ್ತದೆ.

ಹೆಸರಿನ ಕಥೆ ತಮಾಷೆಯದು. ಸೆಲೆಬಿಸ್ ಅಂದರೆ ಈಗಿನ ಇಂಡೋನೇಷ್ಯಾದ ಸುಲವೇಸಿ ದ್ವೀಪ. ಆ ಕಾಲದ ಜರ್ಮನ್ ಶಾಲಾ ಹುಡುಗರು ಸೆಲೆಬಿಸ್ಸಿನ ಆನೆ, ಸುಮಾತ್ರದ ಆನೆ ಅಂತ ಒಂದು ಪೋಲಿ ಪದ್ಯ ಹೇಳುತ್ತಿದ್ದರಂತೆ. ಹೆಸರು ಅದರಿಂದ ಎತ್ತಿದ್ದು. ಪದ್ಯದಲ್ಲಿ ಇಂಡಿಯಾದ ಆನೆಯೂ ಬರುತ್ತದೆ, ಅದು ಏನು ಮಾಡುತ್ತದೆ ಅಂತ ದೊಡ್ಡಪ್ಪನಾಗಿ ನಾನು ಬರೆಯುವುದಿಲ್ಲ. ಯಾಕೆ ಹೇಳಿದೆ ಅಂದರೆ, ಇಷ್ಟು ಭಯಂಕರ ಚಿತ್ರಕ್ಕೆ ಅವನು ಪೋಲಿ ಹುಡುಗರ ಹಾಡಿನ ಹೆಸರಿಟ್ಟ. ನೀನು 'ಮಾನವಕುಲದ ಕೊನೆಯ ಸಂಜೆ' ಅಂತ ಇಟ್ಟಿದ್ದೀಯ. ದಯವಿಟ್ಟು ಬದಲಾಯಿಸು.

ನಗು ಬೇಕು ಪುಟ್ಟಿ. ನಿನ್ನ ಚಿತ್ರದಲ್ಲಿ ನಗುವೇ ಇಲ್ಲ. 1920ರಲ್ಲಿ ಇದೇ ಅರ್ನ್ಸ್ಟ್ ಮತ್ತು ಗೆಳೆಯರು ಕಲೋನಿನ ಒಂದು ಬಿಯರ್ ಅಂಗಡಿಯ ಅಂಗಳದಲ್ಲಿ ಪ್ರದರ್ಶನ ಇಟ್ಟಿದ್ದರು. ಒಳಗೆ ಹೋಗಬೇಕಾದರೆ ಗಂಡಸರ ಶೌಚಾಲಯದ ಮೂಲಕ ಹೋಗಬೇಕಿತ್ತು. ಅರ್ನ್ಸ್ಟನ ಒಂದು ಮರದ ಶಿಲ್ಪದ ಪಕ್ಕದಲ್ಲಿ ಕೊಡಲಿ ಇಟ್ಟಿದ್ದರು, ಬೇಕಾದವರು ಹೊಡೆದು ಮುರಿಯಲಿ ಅಂತ. ಪೊಲೀಸರು ಬಂದು ಮುಚ್ಚಿಸಿದರು. ಬರ್ಲಿನ್ನಿನ ಕಲಾವಿದ ರೌಲ್ ಹೌಸ್‌ಮನ್ ಸುಮಾರು ಅದೇ ಹೊತ್ತಿಗೆ ಮಾಡಿದ ತಲೆಯೊಂದು ಪ್ಯಾರಿಸ್ಸಿನ ಪಾಂಪಿಡು ಕಲಾಕೇಂದ್ರದ ಸಂಗ್ರಹದಲ್ಲಿದೆ. ಮರದ ಗೊಂಬೆ ತಲೆ ತಗೊಂಡು ಅದಕ್ಕೆ ಅಳತೆ ಪಟ್ಟಿ, ಗಡಿಯಾರದ ಒಳಭಾಗ, ಟೈಪ್‌ರೈಟರಿನ ತುಂಡು ಅಂಟಿಸಿದ್ದಾನೆ. ನೆತ್ತಿಯ ಮೇಲೆ ಒಂದು ಮಡಚುವ ಲೋಟ, ಹಣೆಯ ಮೇಲೆ 22 ಅನ್ನೋ ನಂಬರು. ನೋಡಿದ ಕೂಡಲೇ ನಗು ಬರುತ್ತದೆ. ಆಮೇಲೆ ಎಲ್ಲೋ ಈ ಮುಖ ನೋಡಿದ್ದೇನಲ್ಲ ಅನಿಸುತ್ತದೆ. ಅದಕ್ಕೆ ಅವನಿಟ್ಟ ಹೆಸರು 'ನಮ್ಮ ಕಾಲದ ಚೇತನ'.

ಅರ್ನ್ಸ್ಟನದೇ ಇನ್ನೊಂದು, 1920ರದು. ಅಂಚೆ ಕಾರ್ಡಿಗಿಂತ ಚಿಕ್ಕ ಕೊಲಾಜ್, ಅಂದರೆ ಚಿತ್ರದ ತುಂಡುಗಳನ್ನು ಕತ್ತರಿಸಿ ಅಂಟಿಸಿದ್ದು. ಕೆಳಗೆ ಇಬ್ಬರು ಗಾಯಗೊಂಡ ಒಬ್ಬನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ವಿಮಾನ. ಆ ವಿಮಾನಕ್ಕೆ ಮನುಷ್ಯರ ತೋಳುಗಳಿವೆ, ಹೆಂಗಸಿನ ನುಣುಪಾದ ತೋಳುಗಳು. ಬಾಂಬು ಹಾಕುವ ವಿಮಾನಕ್ಕೆ ಹಲ್ಲು ಇಡಬಹುದಿತ್ತು, ಉಗುರು ಇಡಬಹುದಿತ್ತು. ಅವನು ತೋಳು ಇಟ್ಟ.

ನನ್ನ ಕಥೆ ನಿನಗೆ ಗೊತ್ತು. ಜೀವಮಾನವಿಡೀ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಯಂತ್ರದ ಭಾಗಗಳನ್ನು ಬರೆದವನು. ಟೀ ಸ್ಕ್ವೇರ್, ಇಂಕ್ ಪೆನ್ನು, ಅಮೋನಿಯ ವಾಸನೆಯ ಪ್ರಿಂಟು. ಆಮೇಲೆ ಕಂಪ್ಯೂಟರ್ ಬಂತು, ಬೋರ್ಡುಗಳನ್ನು ಗುಜರಿಗೆ ಹಾಕಿದರು. ಅದರ ಬಗ್ಗೆ ನನಗೆ ದೊಡ್ಡ ದುಃಖ ಏನಿಲ್ಲ, ಬೆನ್ನುನೋವು ಹೋಯಿತು. ನಾನು ಹೇಳಬೇಕಾದ್ದು ಪ್ರೆಸ್ ಶಾಪಿನದು. ತಗಡು ಕತ್ತರಿಸುವ ಪವರ್ ಪ್ರೆಸ್ಸಿಗೆ ಎರಡು ಗುಂಡಿ ಇರುತ್ತವೆ, ದೂರ ದೂರ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಕೆಳಗೆ ಬರುತ್ತದೆ. ಯಾಕೆ? ಎರಡೂ ಕೈ ಗುಂಡಿಯ ಮೇಲಿದ್ದರೆ ಬೆರಳು ಡೈಯೊಳಗೆ, ಅಂದರೆ ತಗಡು ಕತ್ತರಿಸುವ ಅಚ್ಚಿನೊಳಗೆ, ಇರಲು ಸಾಧ್ಯವಿಲ್ಲ. ತುಂಬಾ ಜಾಣತನದ ಏರ್ಪಾಡು. ಹಾಗಿದ್ದೂ ಒಬ್ಬನ ಎರಡು ಬೆರಳು ಹೋದವು. ಹೋಗಿ ನೋಡಿದರೆ ಒಂದು ಗುಂಡಿಗೆ ಬೆಂಕಿಕಡ್ಡಿ ಸಿಕ್ಕಿಸಿ, ಮೇಲೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಿತ್ತು. ಅದು ಯಾವಾಗಲೂ ಒತ್ತಿಕೊಂಡೇ ಇರಲಿ, ಒಂದು ಕೈ ಖಾಲಿ ಇದ್ದರೆ ಜಾಸ್ತಿ ಪೀಸು ತೆಗೆಯಬಹುದು ಅಂತ. ಪೀಸಿನ ಲೆಕ್ಕಕ್ಕೆ ಇನ್ಸೆಂಟಿವ್ ಇತ್ತು. ಟಾರ್ಗೆಟ್ ಇಟ್ಟವರು ಮೇಲಿನ ಮಹಡಿಯಲ್ಲಿದ್ದರು. ಟೇಪು ಸೂಪರ್‌ವೈಸರ್ ಕಣ್ಣಿಗೂ ಬಿದ್ದೇ ಇತ್ತು. ಯಂತ್ರ ಮಾತ್ರ ತನಗೆ ಹೇಳಿದಷ್ಟನ್ನೇ ಮಾಡಿತ್ತು.

ನನ್ನ ಮಟ್ಟಿಗೆ ನಿನ್ನ ವಿಷಯ ಆ ಟೇಪಿನಲ್ಲಿದೆ. ಎಪ್ಪತ್ತು ಅಡಿಯ ರೋಬೋಟಿನಲ್ಲಿ ಇಲ್ಲ.

ನಿನ್ನ ಸಿಟ್ಟು ಎಲ್ಲಿಂದ ಬಂತು ಅಂತಲೂ ಗೊತ್ತು. ನೀನು ತಿಂಗಳುಗಟ್ಟಲೆ ಕೂತು ಬರೆಯುತ್ತಿದ್ದರೆ, ಪಕ್ಕದ ಹುಡುಗ ಎಐಗೆ ನಾಲ್ಕು ಸಾಲು ಟೈಪ್ ಮಾಡಿ ಚಿತ್ರ ತೆಗೆಯುತ್ತಾನೆ, ಲೈಕೂ ಅವನಿಗೇ ಬೀಳುತ್ತದೆ. ಸಿಟ್ಟು ತಪ್ಪಲ್ಲ. ಕೇಳದೆ ಎತ್ತಿಕೊಂಡ ಕೋಟ್ಯಂತರ ಚಿತ್ರಗಳಿಂದ ಕಲಿತ ಯಂತ್ರ ಅದು. 2023ರ ಜನವರಿಯಲ್ಲಿ ಅಮೆರಿಕದ ಮೂವರು ಕಲಾವಿದರು ಸ್ಯಾನ್ ಫ್ರಾನ್ಸಿಸ್ಕೋದ ಕೋರ್ಟಿಗೆ ಹೋದದ್ದು ಇದಕ್ಕೇ. ಆದರೆ 'ಕೈಯಿಂದ ಬರೆದದ್ದು ಮಾತ್ರ ಕಲೆ' ಅಂತ ವಾದಕ್ಕೆ ಇಳಿಯಬೇಡ, ಸೋಲುತ್ತೀಯ. ಅರ್ನ್ಸ್ಟ್ ಎಷ್ಟೋ ಕಡೆ ಬರೆದೇ ಇಲ್ಲ. ಶಾಲೆಗಳಿಗೆ ಪಾಠೋಪಕರಣ ಮಾರುವವರ ಕ್ಯಾಟಲಾಗ್ ಒಂದು ಕೈಗೆ ಸಿಕ್ಕಿತು, ಅದರ ಹಾಳೆಗಳ ಮೇಲೆಯೇ ಬಣ್ಣ ಹಚ್ಚಿದ, ಬೇಡದ್ದನ್ನು ಮುಚ್ಚಿದ, ಬೇಕಾದ್ದನ್ನು ಉಳಿಸಿದ. ಯಾವುದನ್ನು ಉಳಿಸಬೇಕು ಅಂತ ಆರಿಸಿದ ಕಣ್ಣು, ಯುದ್ಧ ನೋಡಿ ಬಂದ ಕಣ್ಣು. ನಿನ್ನ ಕಣ್ಣು ಏನು ನೋಡಿದೆ ಅನ್ನೋದನ್ನು ಯೋಚಿಸು. ನಿಜ ಹೇಳಬೇಕೆಂದರೆ, ನೀನೀಗ ಕಳಿಸಿರುವ ಚಿತ್ರವನ್ನು ಆ ಹುಡುಗ ನಾಲ್ಕು ಸಾಲಿನಲ್ಲಿ ತೆಗೆದುಬಿಡಬಲ್ಲ. ಬೇಜಾರಾಗಬೇಡ. 'ದೊಡ್ಡ ರೋಬೋಟು, ಕೆಂಪು ಕಣ್ಣು, ಉರಿಯುವ ಊರು' ಅಂದರೆ ಮುಗಿಯಿತು. ಟೇಪು ಸುತ್ತಿದ ಗುಂಡಿಯನ್ನು ಅವನಿಗೆ ಕೇಳಲು ತೋಚುವುದಿಲ್ಲ, ಯಾಕೆಂದರೆ ಅವನು ನೋಡಿಲ್ಲ.

ಹಾಗಾದರೆ ಏನು ಮಾಡಲಿ ಅಂತೀಯ. ನಿನಗೆ ನಿಜವಾಗಿ ಗೊತ್ತಿರುವ ಒಂದು ಯಂತ್ರ ತಗೋ. ಮನೆಯ ಮಿಕ್ಸಿ ಆದರೂ ಸರಿ, ನಿನ್ನ ತಲೆದಿಂಬಿನ ಪಕ್ಕದ ಫೋನ್ ಚಾರ್ಜರ್ ಆದರೂ ಸರಿ. ಫೋಟೋ ನೋಡಿ ಬರೆಯಬೇಡ. ಎದುರಿಗೆ ಇಟ್ಟುಕೊಂಡು, ಸ್ಕ್ರೂ ಎಲ್ಲಿದೆ, ಯಾವ ಕಡೆ ಸವೆದಿದೆ, ವೈರು ಎಲ್ಲಿ ಮಡಿಚಿ ಬಿರುಕು ಬಿಟ್ಟಿದೆ ಅಂತ ನೋಡಿ ಬರೆ. ಡ್ಯೂಸೆಲ್‌ಡಾರ್ಫಿನಲ್ಲಿ ಕೊನ್ರಾಡ್ ಕ್ಲಾಪ್‌ಹೆಕ್ ಅಂತ ಒಬ್ಬ ಜರ್ಮನ್ ಚಿತ್ರಕಾರರಿದ್ದರು, 2023ರಲ್ಲಿ ತೀರಿಕೊಂಡರು. ಅವರು 1955ರಲ್ಲಿ ಒಂದು ಟೈಪ್‌ರೈಟರ್ ಬರೆದು ಶುರು ಮಾಡಿದರು. ಆಮೇಲೆ ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ, ನಲ್ಲಿ. ಚಿತ್ರದಲ್ಲಿ ಮನುಷ್ಯರಿಲ್ಲ, ಬೆಂಕಿಯಿಲ್ಲ. ಆದರೆ ಆ ಟೈಪ್‌ರೈಟರು ದೊಡ್ಡ ಸಾಹೇಬರ ಗತ್ತಿನಲ್ಲಿ ಕೂತಿರುತ್ತದೆ, ಎದುರು ನಿಂತವರು ಕೈ ಕಟ್ಟಿಕೊಳ್ಳಬೇಕು ಅನಿಸುತ್ತದೆ.

ಜನ ಬೇಕು ಅಂದರೆ ಇಡು, ಬೇಡ ಅನ್ನೋದಿಲ್ಲ. ಓಡುವ ನೂರು ಜನರ ಬದಲು ಒಬ್ಬರೇ ಸಾಕು. ಅವರು ಓಡದಿರಲಿ. ಏನೋ ಒಂದು ಕೆಲಸ ಮಾಡುತ್ತಿರಲಿ, ಯಂತ್ರಕ್ಕೆ ಎಣ್ಣೆ ಬಿಡುತ್ತಿರಲಿ, ಅದರ ಮೈ ಒರೆಸುತ್ತಿರಲಿ. ನೋಡುವವರಿಗೆ ತಾವೇ ಅಲ್ಲಿರುವ ಹಾಗೆ ಅನಿಸಿದರೆ ಉಳಿದದ್ದನ್ನು ಚಿತ್ರ ನೋಡಿಕೊಳ್ಳುತ್ತದೆ.

ಇನ್ನೊಂದು ಮಾತು, ನೆರಳಿನ ಬಗ್ಗೆ. ನಿನ್ನ ರೋಬೋಟಿನ ನೆರಳು ಒಂದು ಕಡೆ ಬಿದ್ದಿದೆ, ಸೇತುವೆಯದು ಇನ್ನೊಂದು ಕಡೆ. ಸರ್ರಿಯಲಿಸಂ ಅಲ್ವಾ, ಕನಸಿನಂಥ ಚಿತ್ರ, ನಡೆಯುತ್ತೆ ಅಂತ ಬಿಟ್ಟಿದ್ದರೆ ಸರಿಮಾಡು. ಆಕಾಶದಲ್ಲಿ ಮೀನು ಹಾರಿಸುವವರು ನೆಲದ ಮೇಲಿನ ಲೆಕ್ಕವನ್ನು ಬಿಗಿಯಾಗಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಯಾರೂ ನಂಬುವುದಿಲ್ಲ.

ಈ ಕ್ಯಾನ್ವಾಸನ್ನು ಎಸೆಯಬೇಡ. ಸೇತುವೆ ಮತ್ತು ನೀರು ಉಳಿಸಿಕೊಂಡು ಮಿಕ್ಕದ್ದರ ಮೇಲೆ ಬೂದು ಬಳಿದುಬಿಡು. ಪ್ರದರ್ಶನಕ್ಕೆ ಇನ್ನೂ ಸಮಯ ಇದೆ ಅಂತ ನಿಮ್ಮಪ್ಪ ಹೇಳಿದ. ಬಣ್ಣಕ್ಕೆ ದುಡ್ಡು ಸಾಲದಿದ್ದರೆ ನನಗೆ ಹೇಳು, ಅವನನ್ನು ಕೇಳಬೇಡ, ಉಪನ್ಯಾಸ ಕೊಡುತ್ತಾನೆ. ಪ್ರೆಸ್ಸಿನ ಗುಂಡಿ ಪೆಟ್ಟಿಗೆ ಹೇಗಿರುತ್ತದೆ ಅಂತ ನೋಡಬೇಕಿದ್ದರೆ ಸ್ಕೆಚ್ ಮಾಡಿ ಕಳಿಸುತ್ತೇನೆ, ಅಳತೆ ಸಮೇತ.

ನಿನ್ನ,
ದೊಡ್ಡಪ್ಪ