ಕಾಂಡ್ಲಾ ನೆಡುವ ಮೊದಲು ಮೋರಿ ನೋಡಿ

ಮಾನ್ಯ ಸಂಪಾದಕರೇ,

ಜೂನ್ 5ರ ಪರಿಸರ ದಿನದಿಂದ ಜುಲೈ 26ರ ಕಾಂಡ್ಲಾ (ಮ್ಯಾಂಗ್ರೋವ್, ಉಪ್ಪುನೀರಿನ ದಂಡೆಯ ಮರಗಳು) ದಿನದವರೆಗೆ, ಕುಂದಾಪುರದಿಂದ ಮೂಲ್ಕಿಯ ತನಕ ಹೊಳೆ ಬದಿಯಲ್ಲಿ ಸಾಲಾಗಿ ನಿಂತು ಕಾಂಡ್ಲಾ ನೆಡುವವರ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಮೊಣಕಾಲುದ್ದ ಕೆಸರಿಗಿಳಿದು ದುಡಿಯುವವರ ಶ್ರದ್ಧೆಯ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ನೆಟ್ಟ ಜಾಗದಲ್ಲಿ ಮೂರು ವರ್ಷದ ನಂತರ ಏನು ಉಳಿದಿದೆ ಎಂದು ಯಾರೂ ಕೇಳುವುದಿಲ್ಲ. ಅದನ್ನು ಕೇಳಬೇಕಾದ ಕಾಲ ಈಗ ಬಂದಿದೆ. ಕೇಂದ್ರ ಸರ್ಕಾರದ ಮಿಷ್ಟಿ ಯೋಜನೆ 2023ರ ಜೂನ್ 5ರಂದು ಆರಂಭವಾಗಿದೆ. ಒಂಬತ್ತು ಕರಾವಳಿ ರಾಜ್ಯಗಳು ಮತ್ತು ನಾಲ್ಕು ಕೇಂದ್ರಾಡಳಿತ ಪ್ರದೇಶಗಳಲ್ಲಿ ಸುಮಾರು 540 ಚದರ ಕಿ.ಮೀ. ಕಾಂಡ್ಲಾ ಬೆಳೆಸುವುದು ಅದರ ಗುರಿ. ಭಾರತೀಯ ಅರಣ್ಯ ಸರ್ವೇಕ್ಷಣೆಯ 2021ರ ವರದಿಯ ಪ್ರಕಾರ ಇಡೀ ಕರ್ನಾಟಕದಲ್ಲಿ ಇರುವುದೇ 13 ಚದರ ಕಿ.ಮೀ. ಗುರಿ ಇಷ್ಟು ದೊಡ್ಡದಾದಾಗ ಲೆಕ್ಕ ತುಂಬಿಸುವ ಆತುರವೂ ದೊಡ್ಡದಾಗುತ್ತದೆ. ಆ ಆತುರಕ್ಕೆ ಮೊದಲು ಬಲಿಯಾಗುವುದು ಇಳಿತದಲ್ಲಿ ಖಾಲಿ ಕಾಣುವ ಕೆಸರು ಬಯಲು.

ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಒಂದೂವರೆ ಮೀಟರ್ ದಾಟುವುದು ಅಪರೂಪ. ಕಾಂಡ್ಲಾ ಬದುಕುವುದು ಅದರ ಮೇಲಿನ ಅರ್ಧದಲ್ಲಿ ಮಾತ್ರ, ಅಂದರೆ ಸರಾಸರಿ ಸಮುದ್ರ ಮಟ್ಟದಿಂದ ಅತಿ ದೊಡ್ಡ ಉಬ್ಬರದ ಗೆರೆಯವರೆಗೆ. ಹೀಗಾಗಿ ಒಂದು ಗೇಣು ಎತ್ತರದ ವ್ಯತ್ಯಾಸವೇ ಸಸಿಯ ಅಳಿವು ಉಳಿವನ್ನು ನಿರ್ಧರಿಸುತ್ತದೆ. ದಿನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ನೀರಿನಡಿ ಇರುವ ಜಾಗದಲ್ಲಿ ನೆಟ್ಟದ್ದು ನಿಲ್ಲುವುದಿಲ್ಲ. ಕಾಂಡ್ಲಾ ನೀರಿನ ಗಿಡ, ನೀರು ಎಷ್ಟಿದ್ದರೂ ಒಳ್ಳೆಯದೇ ಎಂಬ ತಪ್ಪು ತಿಳಿವಳಿಕೆ ಬಹಳ ಗಿಡಗಳನ್ನು ಕೊಂದಿದೆ.

ಈ ಎತ್ತರ ಅಳೆಯಲು ದುಬಾರಿ ಉಪಕರಣ ಬೇಡ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪು ಸಾಕು. ಹತ್ತಿರದಲ್ಲಿ ತಾನಾಗಿ ಹುಟ್ಟಿ ಎರಡು ಮೂರು ವರ್ಷ ಬದುಕಿರುವ ಅದೇ ಜಾತಿಯ ಸಸಿಗಳಲ್ಲಿ ಅತ್ಯಂತ ಕೆಳಗಿನದನ್ನು ಹುಡುಕಿ, ಅದರ ಬುಡದ ಮಟ್ಟವನ್ನು ನೆಡಬೇಕೆಂದಿರುವ ಜಾಗದ ಮಟ್ಟದೊಂದಿಗೆ ಹೋಲಿಸಬೇಕು. ಜಾಗ ಹತ್ತು ಹದಿನೈದು ಸೆಂ.ಮೀ.ಗಿಂತ ಕೆಳಗಿದ್ದರೆ ಅಲ್ಲಿ ನೆಡಬಾರದು. ಅನುಮಾನವಿದ್ದರೆ ಸೆಂ.ಮೀ. ಗುರುತು ಹಾಕಿದ ಕೋಲು ಹುಗಿದು, ಒಂದು ಹುಣ್ಣಿಮೆಯ ದಿನ ಮತ್ತು ಒಂದು ಅಷ್ಟಮಿಯ ದಿನ ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟ ಬರೆದಿಟ್ಟರೆ ಜಾಗ ಎಷ್ಟು ಹೊತ್ತು ಮುಳುಗುತ್ತದೆ ಎಂದು ತಿಳಿಯುತ್ತದೆ.

ನೆಡುವವರ ಮೊದಲ ಆಯ್ಕೆ ರೈಜೋಫೊರಾ, ಊರುಗೋಲಿನಂಥ ಬೇರು ಬಿಡುವ ಕಾಂಡ್ಲಾ. ಅದರ ಬೀಜ ಮರದಲ್ಲೇ ಮೊಳೆತು ಒಂದೂವರೆ ಎರಡು ಅಡಿ ಉದ್ದದ ಕೋಡಾಗುತ್ತದೆ. ನರ್ಸರಿ ಬೇಕಿಲ್ಲ, ಕೋಡು ಆರಿಸಿ ಕೆಸರಿಗೆ ಚುಚ್ಚಿದರೆ ಮುಗಿಯಿತು. ಈ ಸುಲಭವೇ ತೊಂದರೆಯ ಮೂಲ. ಕೋಡಿನೊಳಗೆ ಹಲವು ತಿಂಗಳಿಗೆ ಸಾಕಾಗುವ ಆಹಾರ ಕೂಡಿರುತ್ತದೆ, ಆದ್ದರಿಂದ ಎಲ್ಲಿ ಚುಚ್ಚಿದರೂ ಎರಡು ಎಲೆ ಬಿಡುತ್ತದೆ. ಜುಲೈಯಲ್ಲಿ ನೆಟ್ಟದ್ದನ್ನು ಸೆಪ್ಟೆಂಬರ್‌ನಲ್ಲಿ ಎಣಿಸಿದರೆ ನೂರಕ್ಕೆ ತೊಂಬತ್ತು ಹಸಿರಾಗಿಯೇ ಕಾಣಬಹುದು. ಮಳೆಗಾಲದಲ್ಲಿ ಹೊಳೆಯ ನೀರು ಸಿಹಿಯಾಗಿರುವಾಗ ದೋಣಿಯ ತಳಕ್ಕೆ ಅಂಟುವ ಬಿಳಿ ಚಿಪ್ಪಿನ ಬಾರ್ನಕಲ್‌ಗಳ ಕಾಟ ಇರುವುದಿಲ್ಲ. ನವೆಂಬರ್ ಹೊತ್ತಿಗೆ ಉಪ್ಪು ಏರಿದಂತೆ ಅವು ತಗ್ಗಿನ ಸಸಿಗಳಿಗೆ ಮೆತ್ತಿಕೊಳ್ಳುತ್ತವೆ. ಕಾಂಡ ಭಾರಕ್ಕೆ ಬಾಗುತ್ತದೆ, ಎಲೆ ಕೆಸರು ಮುಟ್ಟುತ್ತದೆ, ಬೇಸಿಗೆಯ ಹೊತ್ತಿಗೆ ಒಣಕಡ್ಡಿ. ಎಣಿಕೆ ಮಾಡುವುದಾದರೆ ನೆಟ್ಟ ಮೂರನೇ ತಿಂಗಳು, ಒಂದು ವರ್ಷ, ಮೂರು ವರ್ಷ, ಹೀಗೆ ಮೂರು ಬಾರಿ ಮಾಡಬೇಕು. ಮೊದಲ ಎಣಿಕೆ ಗುತ್ತಿಗೆದಾರರಿಗೆ ಹಣ ಕೊಡುವುದಕ್ಕೆ ಬಂತೇ ಹೊರತು ಕಾಡಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಸರಿಯಾದ ಎತ್ತರದ ಜಾಗ ಸಿಕ್ಕಿದರೂ ಕೋಡು ಬಲಿತಿರಬೇಕು. ಕಾಯಿಗೂ ಕೋಡಿಗೂ ನಡುವೆ ಹಳದಿ ಬಣ್ಣದ ಉಂಗುರ ಕಾಣಿಸಿಕೊಂಡು, ಮೆಲ್ಲಗೆ ಮುಟ್ಟಿದರೆ ಕಳಚಿಬಂದರೆ ಅದು ಬಲಿತಿದೆ ಎಂದರ್ಥ. ಎಳೆದು ಕಿತ್ತದ್ದು ಬೇಡ. ಮೂರನೇ ಒಂದು ಭಾಗ ಕೆಸರಿನೊಳಗೆ, ಗಿಡದಿಂದ ಗಿಡಕ್ಕೆ ಒಂದೂವರೆ ಮೀಟರ್ ಅಂತರ. ಅವಿಸೀನಿಯಾದ ಕ್ರಮ ಬೇರೆ. ಪೆನ್ಸಿಲ್‌ನಂತೆ ಮೇಲಕ್ಕೆ ಚಾಚುವ ಉಸಿರುಬೇರಿನ ಮರ ಅದು. ಬೀಜದ ಸಿಪ್ಪೆ ನೀರಿನಲ್ಲಿ ತಾನೇ ಕಳಚುತ್ತದೆ, ಅದನ್ನು ಹೂಳದೆ ಕೆಸರಿನ ಮೇಲೆಯೇ ಇಡಬೇಕು. ಉಪ್ಪು ಕಡಿಮೆ ಇರುವ ಒಳನಾಡಿನ ಹೊಳೆದಂಡೆಗೆ ಕ್ಯಾಂಡೀಲಿಯಾ ಒಗ್ಗುತ್ತದೆ. ಸೊನರೇಷಿಯಾದ ಬೀಜ ತೀರಾ ಸಣ್ಣದು, ಅದು ಹೊಸ ಕೆಸರನ್ನು ತಾನೇ ಹುಡುಕಿಕೊಂಡು ಬರುತ್ತದೆ. ಎಲ್ಲ ಕಡೆಗೂ ರೈಜೋಫೊರಾ ಒಂದನ್ನೇ ತುಂಬಿದರೆ ಬರುವುದು ತೋಟ, ಕಾಡಲ್ಲ.

ಇನ್ನು ಆ ‘ಖಾಲಿ’ ಕೆಸರು ಬಯಲಿನ ವಿಚಾರ. ಸೀತಾ ಮತ್ತು ಸ್ವರ್ಣಾ ನದಿಗಳು ಸೇರುವ ಕೋಡಿಬೆಂಗ್ರೆ, ಹಂಗಾರಕಟ್ಟೆ ಕಡೆ, ಹಾಗೆಯೇ ಕುಂದಾಪುರದ ಪಂಚಗಂಗಾವಳಿ ಹಿನ್ನೀರಿನಲ್ಲಿ ಇಳಿತದ ಹೊತ್ತು ತೆರೆದುಕೊಳ್ಳುವ ಬಯಲಿನಲ್ಲಿ ಮರುವಾಯಿ (ತಿನ್ನುವ ಚಿಪ್ಪುಜೀವಿ) ಇದೆ, ಏಡಿ ಇದೆ, ಹುಳುಗಳಿವೆ. ಚಳಿಗಾಲದಲ್ಲಿ ಉತ್ತರದಿಂದ ಬರುವ ಗೊರವದಂಥ ವಲಸೆ ಹಕ್ಕಿಗಳಿಗೆ ಊಟ ಅಲ್ಲೇ. ಮರುವಾಯಿ ಹೆಕ್ಕುವ ಮನೆಗಳ ಸಂಪಾದನೆಯೂ ಅಲ್ಲೇ. ಅಲ್ಲಿ ಕೋಡು ನೆಟ್ಟು ಅದು ಸತ್ತರೆ ಹಣ ಹೋಯಿತು. ಬದುಕಿದರೆ ಹಕ್ಕಿಗಳು, ಮರುವಾಯಿ ಎರಡೂ ಹೋದವು.

ಹಾಗಾದರೆ ಕಾಂಡ್ಲಾ ಎಲ್ಲಿ ಬೆಳೆಸಬೇಕು? ಹಿಂದೆ ಎಲ್ಲಿತ್ತೋ ಅಲ್ಲಿ. ಅಲ್ಲಿಂದ ಅದು ಯಾಕೆ ಹೋಯಿತು ಎಂಬ ಪ್ರಶ್ನೆಗೆ ನಮ್ಮ ಭಾಗದಲ್ಲಿ ಮತ್ತೆ ಮತ್ತೆ ಸಿಗುವ ಉತ್ತರ ರಸ್ತೆ ಮತ್ತು ಮೋರಿ. ಹಿನ್ನೀರಿನ ತೋಡಿಗೆ (ಸಣ್ಣ ಕಾಲುವೆಗೆ) ಅಡ್ಡಲಾಗಿ ಮಣ್ಣು ಹಾಕಿ ಕುದ್ರುವಿಗೋ (ಹೊಳೆ ನಡುವಿನ ದ್ವೀಪಕ್ಕೋ) ದೇವಸ್ಥಾನಕ್ಕೋ ರಸ್ತೆ ಮಾಡುತ್ತಾರೆ. ಆರು ಮೀಟರ್ ಅಗಲ, ಒಂದು ಮೀಟರ್ ಆಳದ ತೋಡು ಎಂದಿಟ್ಟುಕೊಳ್ಳಿ, ನೀರು ಹಾಯುವ ಬಾಯಿ ಆರು ಚದರ ಮೀಟರ್. ಅಲ್ಲಿ 90 ಸೆಂ.ಮೀ. ವ್ಯಾಸದ ಎರಡು ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಇಟ್ಟರೆ ಬಾಯಿ 1.27 ಚದರ ಮೀಟರ್‌ಗೆ ಇಳಿಯುತ್ತದೆ, ಐದರಲ್ಲಿ ಒಂದು ಪಾಲು. ಉಬ್ಬರದ ಆರು ಗಂಟೆಯಲ್ಲಿ ಒಳಗೆ ಹೋಗಬೇಕಾದ ನೀರು ಪೂರ್ತಿ ಹೋಗುವ ಮೊದಲೇ ಇಳಿತ ಶುರುವಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಪೈಪನ್ನು ತೋಡಿನ ತಳಕ್ಕಿಂತ ಮೇಲೆ ಕೂರಿಸುವುದು. ಹೂಳು ತುಂಬಬಾರದೆಂದು ಅರ್ಧ ಮೀಟರ್ ಎತ್ತರಿಸಿದರೆ, ಒಳಗಿನ ನೀರು ಆ ಅರ್ಧ ಮೀಟರ್‌ಗಿಂತ ಕೆಳಗೆ ಎಂದೂ ಇಳಿಯುವುದಿಲ್ಲ. ಅವಿಸೀನಿಯಾದ ಉಸಿರುಬೇರುಗಳು ಹಗಲೂ ರಾತ್ರಿ ಮುಳುಗಿಯೇ ಇರುತ್ತವೆ. ಮೊದಲು ತುದಿಯ ಎಲೆ ಉದುರುತ್ತದೆ, ಮತ್ತೆ ಕೊಂಬೆ, ಒಂದೆರಡು ವರ್ಷದಲ್ಲಿ ಇಡೀ ತೋಪು ಬೋಳು. ಆಗ ಅಲ್ಲಿಗೆ ಗಿಡ ನೆಡುವ ಕಾರ್ಯಕ್ರಮ ಬರುತ್ತದೆ!

ಇಂಥಲ್ಲಿ ಪೈಪ್ ತೆಗೆದು, ತೋಡಿನ ತಳಕ್ಕೇ ತಳವಿರುವ, ತೋಡಿನಷ್ಟೇ ಅಗಲದ ಚೌಕ ಮೋರಿ ಇಟ್ಟರೆ ಹೆಚ್ಚಿನ ಕಡೆ ನೆಡುವ ಅಗತ್ಯವೇ ಇರುವುದಿಲ್ಲ. ಹತ್ತಿರ ತಾಯಿಮರಗಳಿದ್ದರೆ ಉಬ್ಬರವೇ ಬೀಜ ತಂದು ಹಾಕುತ್ತದೆ. ಎರಡು ಮಳೆಗಾಲ ಕಾದರೂ ಸಸಿ ಏಳದಿದ್ದರೆ ಆಗ ಕಾರಣ ಹುಡುಕಬೇಕು. ದನ ಮೇಯುತ್ತವೆಯೇ, ಕಸ ಮತ್ತು ಹರಿದ ಬಲೆ ಬಂದು ಸಸಿಗಳ ಮೇಲೆ ಕೂರುತ್ತಿದೆಯೇ, ಅಲೆಯ ಹೊಡೆತವೇ, ಇಲ್ಲ ಬೀಜವೇ ಬರುತ್ತಿಲ್ಲವೇ? ಬೀಜ ಬರದಲ್ಲಿ ಮಾತ್ರ ನೆಡುವುದು ಸರಿ.

ಪಶ್ಚಿಮ ವಾಹಿನಿ ಯೋಜನೆಯಲ್ಲಿ ಬರುತ್ತಿರುವ ಕಿಂಡಿ ಅಣೆಕಟ್ಟುಗಳಿಗೂ (ಹಲಗೆ ಹಾಕಿ ತೆಗೆಯಬಹುದಾದ ಸಣ್ಣ ಒಡ್ಡುಗಳಿಗೂ) ಇದೇ ಮಾತು. ಉಪ್ಪು ನೀರು ಗದ್ದೆ, ಬಾವಿಗೆ ನುಗ್ಗದಂತೆ ತಡೆಯುವುದು ರೈತರಿಗೆ ಬೇಕೇ ಬೇಕು, ಅದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಅಣೆಕಟ್ಟು ಈಗಾಗಲೇ ಬೆಳೆದಿರುವ ಕಾಂಡ್ಲಾಕ್ಕಿಂತ ಹೊಳೆಯ ಮೇಲ್ಭಾಗದಲ್ಲಿ ಬರಬೇಕು. ಕೆಳಭಾಗದಲ್ಲಿ ಕಟ್ಟಿದರೆ ಮೇಲಿನ ಕಾಂಡ್ಲಾಕ್ಕೆ ಉಬ್ಬರವೇ ಸಿಗುವುದಿಲ್ಲ. ಹಲಗೆ ಹಾಕುವ ಕಾಲವೂ ಮುಖ್ಯ. ಹೊಳೆಯ ಹರಿವಿನಲ್ಲಿ ಇನ್ನೂ ಬಲವಿರುವಾಗಲೇ ಹಾಕಬೇಕು. ಟೆಂಡರ್ ತಡವಾಗಿ ಜನವರಿಗೆ ಹಾಕಿದರೆ, ಅಷ್ಟರಲ್ಲಿ ಮೇಲೆ ಹೋದ ಉಪ್ಪು ಹಲಗೆಯ ಹಿಂದೆಯೇ ಸಿಕ್ಕಿಬೀಳುತ್ತದೆ, ಬಾವಿ ಕೆಡುತ್ತದೆ. ಮುಂಗಾರಿಗೆ ಮೊದಲು ತೆಗೆಯದಿದ್ದರೆ ನೆರೆ.

ಕಾನೂನಿನಲ್ಲೂ ತೂತುಗಳಿವೆ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಕಾಂಡ್ಲಾ ಮೊದಲ ದರ್ಜೆಯ ರಕ್ಷಣೆಯಲ್ಲಿದೆ. 1,000 ಚದರ ಮೀಟರ್‌ಗಿಂತ ದೊಡ್ಡ ತೋಪಿಗೆ 50 ಮೀಟರ್ ಅಂಚು ಬಿಡಬೇಕೆಂದೂ ಅದು ಹೇಳುತ್ತದೆ. ಅದೇ ಅಧಿಸೂಚನೆ, ಕಂಬದ ಮೇಲಿನ ರಸ್ತೆಗೆ ಕಾಂಡ್ಲಾ ಹಾಳಾದರೆ ಕನಿಷ್ಠ ಮೂರು ಪಟ್ಟು ಜಾಗದಲ್ಲಿ ಬೇರೆಡೆ ಬೆಳೆಸಬೇಕೆನ್ನುತ್ತದೆ. ಒಂದು ಎಕರೆಗೆ ಮೂರು ಎಕರೆ! ಕಾಂಡ್ಲಾ ಬರಬಲ್ಲ ಜಾಗದಲ್ಲೆಲ್ಲ ಅದು ಈಗಾಗಲೇ ಇದ್ದರೆ ಆ ಮೂರು ಎಕರೆ ಎಲ್ಲಿಂದ ಬರಬೇಕು? ಮತ್ತದೇ ಮರುವಾಯಿಯ ಬಯಲಿನಿಂದ. ಪರಿಹಾರವಾಗಿ ಮುಚ್ಚಿದ ತೋಡು ತೆರೆಯುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತೀರದಿಂದ ಒಳಗೆ ಬಂದರೆ ಸ್ಥಿತಿ ಇನ್ನೂ ತೆಳು. 2017ರ ಜೌಗು ಪ್ರದೇಶ ನಿಯಮಗಳು ನದಿ ಪಾತ್ರ, ಭತ್ತದ ಗದ್ದೆ ಮತ್ತು ಸಿಆರ್‌ಝಡ್ ವ್ಯಾಪ್ತಿಯ ಜಾಗಗಳನ್ನು ಹೊರಗಿಟ್ಟಿವೆ. ನಮ್ಮ ಊರುಗಳಲ್ಲಿ ನೀರು ಹಿಡಿಯುವುದು ತಗ್ಗಿನ ಬೈಲು ಗದ್ದೆ. ಎತ್ತರದ ಬೆಟ್ಟು, ನಡುಮಟ್ಟದ ಮಜಲು ಗದ್ದೆಗಳಿಂದ ಇಳಿದ ಮಳೆ ನಿಲ್ಲುವುದು ಅಲ್ಲಿ. ಒಂದು ಎಕರೆ ಬೈಲಿನಲ್ಲಿ ಒಂದಡಿ ನೀರು ನಿಂತರೆ ಸುಮಾರು 12 ಲಕ್ಷ ಲೀಟರ್. ಅದಕ್ಕೆ ಕೆಂಪು ಮಣ್ಣು ತುಂಬಿ ಸೈಟ್ ಮಾಡಿದರೆ ಆ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಕೇರಳದಲ್ಲಿ ಭತ್ತದ ಗದ್ದೆ ಮತ್ತು ಜೌಗು ನೆಲ ಉಳಿಸಲು 2008ರಿಂದ ಪ್ರತ್ಯೇಕ ಕಾಯ್ದೆ ಇದೆ, ನಮ್ಮಲ್ಲಿಲ್ಲ. ಮಂಗಳೂರಿನ ಹೊಳೆ ಬದಿಗಳಲ್ಲಿ ಕಟ್ಟಡದ ಕಸ ಸುರಿದು ದಂಡೆಯನ್ನು ಮುಂದೆ ತರುವುದಂತೂ ತಡೆಯಲು ಹೊಸ ಕಾನೂನೇ ಬೇಡ, ಇರುವುದನ್ನು ಬಳಸಿದರೆ ಸಾಕು.

ಗಡಿ ಗುರುತಿಸಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಘಟ್ಟದಲ್ಲೇ ಇದೆ. ಸುಮಾರು 600 ಚದರ ಕಿ.ಮೀ.ಯ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ 1987ರಲ್ಲಿ, ಅಂತಿಮ ಅಧಿಸೂಚನೆ 2001ರಲ್ಲಿ. ಉದ್ಯಾನದ ನಕ್ಷೆ ಇದ್ದುದರಿಂದಲೇ ಗಣಿಗಾರಿಕೆಯ ವಿರುದ್ಧ ನ್ಯಾಯಾಲಯದಲ್ಲಿ ವಾದಿಸಲು ನೆಲೆ ಸಿಕ್ಕಿತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಸೋಮೇಶ್ವರ ಅಭಯಾರಣ್ಯದ ಮೂಲಕ ಇಳಿಯುವ ಸೀತಾನದಿ ಸಮುದ್ರ ಸೇರುವ ಜಾಗಕ್ಕೆ ಮಾತ್ರ ಅಂಥ ಯಾವ ಗುರುತೂ ಇಲ್ಲ. ಘಟ್ಟದ ಶೋಲಾ ಕಾಡು, ಹುಲ್ಲುಗಾವಲುಗಳು ಮಳೆಯನ್ನು ಹಿಡಿದು ನಿಧಾನಕ್ಕೆ ಬಿಡುವುದರಿಂದಲೇ ಬೇಸಿಗೆಯಲ್ಲೂ ಅಳಿವೆಗೆ (ನದಿ ಸಮುದ್ರ ಸೇರುವಲ್ಲಿಗೆ) ಒಂದಿಷ್ಟು ಸಿಹಿನೀರು ಬರುತ್ತದೆ. ಸ್ವರ್ಣೆಯಲ್ಲಿ ಅದೂ ಬಜೆ ಅಣೆಕಟ್ಟಿನಲ್ಲಿ ಉಡುಪಿಯ ಕುಡಿಯುವ ನೀರಿಗೆ ನಿಲ್ಲುತ್ತದೆ. ಏಪ್ರಿಲ್, ಮೇಯಲ್ಲಿ ಕೆಳಗೆ ಬಿಡಲು ಏನೂ ಉಳಿಯದಿದ್ದರೆ ಕ್ಯಾಂಡೀಲಿಯಾದಂಥ ಜಾತಿಗಳು ಉಪ್ಪಿನಲ್ಲಿ ಸೊರಗುತ್ತವೆ.

2024ರ ಜನವರಿಯಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ಉಡುಪಿ, ದಕ್ಷಿಣ ಕನ್ನಡದ ಒಂದು ಜಾಗವೂ ಆ ಪಟ್ಟಿಯಲ್ಲಿಲ್ಲ. ಪಂಚಗಂಗಾವಳಿಗೆ ಆ ಯೋಗ್ಯತೆ ಇದೆ ಎಂಬುದು ನಮ್ಮ ಅಭಿಪ್ರಾಯ, ಆದರೆ ಫಲಕಕ್ಕಿಂತ ಮೊದಲು ಅಳತೆ ಆಗಬೇಕು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲೇ ದೇಶದ ಜೌಗು ಪ್ರದೇಶಗಳನ್ನು ಸ್ಥಳದಲ್ಲೇ ಪರಿಶೀಲಿಸಿ ಗಡಿ ಗುರುತಿಸಲು ಮೂರು ತಿಂಗಳ ಗಡುವು ಕೊಟ್ಟಿತ್ತು. ನಮ್ಮ ಎರಡು ಜಿಲ್ಲೆಗಳಲ್ಲಿ ಯಾವ ಸರ್ವೆ ನಂಬರುಗಳಿಗೆ ಗುರುತು ಬಿದ್ದಿದೆ ಎಂಬುದನ್ನು ಗ್ರಾಮವಾರು ಪ್ರಕಟಿಸಲಿ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಿಆರ್‌ಝಡ್ ಸಮಿತಿಗೆ ನಮ್ಮ ಕೋರಿಕೆ ಒಂದೇ. ಮುಂದಿನ ಮಳೆಗಾಲಕ್ಕೆ ಕೋಡು ಹೆಕ್ಕುವ ಆದೇಶ ಹೊರಡಿಸುವ ಮೊದಲು, ಫೆಬ್ರವರಿ–ಮಾರ್ಚ್‌ನ ದೊಡ್ಡ ಇಳಿತದ ದಿನಗಳಲ್ಲಿ ಹಿನ್ನೀರಿನ ಮೋರಿಗಳ ಪಟ್ಟಿ ಮಾಡಿಸಿ. ಪ್ರತಿ ಮೋರಿಗೆ ತೋಡಿನ ಅಗಲ, ತೋಡಿನ ತಳದ ಮಟ್ಟ, ಪೈಪಿನ ತಳದ ಮಟ್ಟ, ಪೈಪಿನ ಒಳವ್ಯಾಸ, ಒಳಗಿನ ಕಾಂಡ್ಲಾದ ಸ್ಥಿತಿ, ರಸ್ತೆ ಯಾವ ಇಲಾಖೆಯದು ಎಂಬ ಆರು ವಿವರ ಸಾಕು. ಸಮಿತಿಯಲ್ಲಿರುವ ಮೀನುಗಾರ ಪ್ರತಿನಿಧಿಗಳನ್ನು ಅಳತೆಗೆ ಜೊತೆಗೆ ಕರೆದೊಯ್ಯಿರಿ, ಯಾವ ತೋಡು ಯಾವಾಗ ಮುಚ್ಚಿತು ಎಂದು ಅವರಿಗೆ ಗೊತ್ತು. ಪೈಪಿನ ತಳ ತೋಡಿನ ತಳಕ್ಕಿಂತ ಮೇಲಿರುವ ಮೋರಿಗಳನ್ನು ಮೊದಲು ಬದಲಿಸಿ. ಸಸಿಗೆಂದು ಇಟ್ಟ ಹಣದಲ್ಲಿ ಅದಕ್ಕೆ ಅವಕಾಶವಿಲ್ಲವೆಂದಾದರೆ, ಆ ನಿಯಮ ಬದಲಿಸುವಂತೆ ಈಗಲೇ ಸರ್ಕಾರಕ್ಕೆ ಬರೆಯಿರಿ.

– ಅಳಿವೆ ಮತ್ತು ಜೌಗು ನೆಲದ ಕೆಲಸದಲ್ಲಿರುವ ಕೆಲವು ಓದುಗರು, ಉಡುಪಿ